ನನ್ನ ಬಾಣಂತನ

ಇಲ್ಲಿ ಬರೆಯುತ್ತಿರುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಎಷ್ಟು, ಮನೆಯವರು ಹೇಳಿ ಹೇಳಿ ನನ್ನ ತಲೆಯಲ್ಲಿ ಕೂರಿಸಿದ್ದು ಎಷ್ಟು ಎಂದು ನನಗೆ ಗೊತ್ತಿಲ್ಲ. ಎಂಬತ್ತರ ದಶಕದ ನಡುವಿನ ಮಾತು. ವರ್ಷ ಯಾವುದೆಂದು ಕೇಳಿದರೆ ನಾನೊಂದು ಹೇಳುತ್ತೇನೆ, ನನ್ನ ಹೆಂಡತಿ ಇನ್ನೊಂದು ಹೇಳುತ್ತಾಳೆ. ಅದರಲ್ಲೂ ಕೆಲವು ದಿನ ನಾನು ಔಷಧದ ಮಂಪರಿನಲ್ಲಿದ್ದೆ. ರಾಯಚೂರಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದವನು ನಾನು. ಸಾಕ್ಷ್ಯ ಇಲ್ಲದ ಮಾತನ್ನು ಒಪ್ಪಬೇಡಿ ಎಂದು ಹುಡುಗರಿಗೆ ವರ್ಷಗಟ್ಟಲೆ ಹೇಳಿದೆ. ಕೊನೆಗೆ ನನ್ನದೇ ಆಪರೇಷನ್ನಿಗೆ ನಾನೇ ಸರಿಯಾದ ಸಾಕ್ಷಿಯಾಗಲಿಲ್ಲ.

ರೋಗದ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಗಂಡಸರಿಗೆ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ. ನನ್ನದರಲ್ಲಿ ಕ್ಯಾನ್ಸರ್ ಸೇರಿಕೊಂಡಿತ್ತು. ಅದು ಗ್ರಂಥಿಯ ಒಳಗೇ ಇದ್ದಂತಿದೆ, ಪೂರ್ತಿ ತೆಗೆದುಬಿಡೋಣ ಎಂದರು ಹೈದರಾಬಾದಿನ ಸರ್ಜನ್. ತೆಗೆದ ಮೇಲೆ ಮೂರು ವಾರ ಮೂತ್ರಕ್ಕೆ ನಳಿಕೆ ಹಾಕಿರುತ್ತಾರೆ. ನಳಿಕೆ ತೆಗೆದ ದಿನ ಮೂತ್ರ ತಾನಾಗಿ ಇಳಿದರೆ ಗೆದ್ದಂತೆ. ಇಳಿಯದಿದ್ದರೆ ಮತ್ತೆ ಹೈದರಾಬಾದು, ಬಹುಶಃ ಮತ್ತೆ ಕತ್ತರಿ.

ವಾಪಸು ಬರುವಾಗ ರೈಲಿನಲ್ಲಿ ಹೆಂಡತಿ ಆಸ್ಪತ್ರೆಯ ಚೀಟಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಸೀಟಿನಿಂದ ಎದ್ದು ಬಾಗಿಲಿಗೆ, ಬಾಗಿಲಿನಿಂದ ಸೀಟಿಗೆ ಓಡಾಡುತ್ತಿದ್ದೆ. ಒಂದು ಕಡೆ ಕೂರುವುದು ನನ್ನ ಜಾಯಮಾನವಲ್ಲ. ರಾಯಚೂರು ಸ್ಟೇಷನ್ನಿನಲ್ಲಿ ಇಳಿದು ಆಟೋ ಹತ್ತುವಾಗ ಆಕೆ ಕೇಳಿದಳು.

"ಇನ್ನೂ ಒಂದು ತಿಂಗಳ ಅದ. ಏನೇನು ತಯಾರಿ ಮಾಡ್ಕೋಬೇಕು, ಕೇಳ್ಕೊಂಡ್ರೇನು?"

"ಆಸ್ಪತ್ರಿಯವರು ಮಾಡ್ತಾರ. ನಮ್ಮದೇನು ತಯಾರಿ?"

"ಅವರು ಕೊಯ್ದು ಕಳಸ್ತಾರ. ಆಮ್ಯಾಲೆ ನೋಡ್ಕೊಳ್ಳಾಕಿ ನಾನು."

ಹೀಗೆ ನಾವು ಮಾನ್ವಿಗೆ ಹೋದೆವು. ಅಲ್ಲಿ ನನ್ನ ದೂರದ ಸಂಬಂಧಿಯೊಬ್ಬರು, ನಿವೃತ್ತ ಗುಮಾಸ್ತರು, ಇದೇ ಗ್ರಂಥಿಯ ಆಪರೇಷನ್ ಮಾಡಿಸಿಕೊಂಡಿದ್ದರು. ಅವರದು ಕ್ಯಾನ್ಸರ್ ಅಲ್ಲ, ಬರೀ ಊದಿಕೊಂಡದ್ದು. ಆದರೂ ಅನುಭವಸ್ಥರು. ನಾನು ಅವರೊಂದಿಗೆ ಹೊರಗಿನ ಪಡಸಾಲೆಯಲ್ಲಿ ಕೂತೆ. ನನ್ನ ಹೆಂಡತಿ, ಅವರ ಹೆಂಡತಿ ಇಬ್ಬರೂ ಒಳಗೆ ಹೋದರು. ಎರಡು ಸಲ ಚಹಾ ಬಂತು. ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಕೇಳಿದಳು:

"ಏನಂದ್ರು?"

"ಚಿಂತಿ ಮಾಡಬ್ಯಾಡ್ರಿ ಅಂದ್ರು."

"ಅಷ್ಟ?"

"ಈ ಸಲ ಕಾಲುವಿ ನೀರು ಕೊನೀ ಹೊಲಕ್ಕ ಮುಟ್ಟಿಲ್ಲ ಅಂದ್ರು."

"ಅಲ್ರೀ, ಕಾಲುವಿ ಸುದ್ದಿ ಕೇಳಾಕ ಬಸ್ ಚಾರ್ಜ್ ಕೊಟ್ಟು ಬಂದಿದ್ವೇನ್ರಿ?"

ಮುಂದಿನ ಸೀಟಿನವರು ತಿರುಗಿ ನೋಡಿದರು. ಆಕೆ ದನಿ ತಗ್ಗಿಸಿ, ಅಡುಗೆಮನೆಯಲ್ಲಿ ತಾನು ತಿಳಿದುಕೊಂಡದ್ದನ್ನು ಕಲ್ಲೂರು ದಾಟುವವರೆಗೂ ಹೇಳಿದಳು. ನೆಲದ ಮೇಲೆ ಕೂರುವಂತಿಲ್ಲ, ಎತ್ತರದ ಮಂಚ ಬೇಕು. ಕುಕ್ಕರಗಾಲಲ್ಲಿ ಕೂರಬಾರದು, ನಡುವೆ ತೂತಿರುವ ಕುರ್ಚಿ ಮಾಡಿಸಬೇಕು. ಮಲ ಗಟ್ಟಿಯಾಗಬಾರದು, ತಿಣುಕಿದರೆ ಒಳಗಿನ ಹೊಲಿಗೆಗೆ ಕೇಡು. ಹಳೆಯ ಮೆತ್ತನೆಯ ಬಟ್ಟೆ ರಾಶಿ ಬೇಕು. ಚಿಂತೆ ಮಾಡಬೇಡಿ ಎಂದ ಆ ಯಜಮಾನರು ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದರಂತೆ. ಅದನ್ನೂ ಹೇಳಿ ನಕ್ಕಳು. ಕ್ಯಾನ್ಸರ್ ಎಂಬ ಮಾತು ಬಿದ್ದ ಮೇಲೆ ಆಕೆ ನಕ್ಕದ್ದು ಅದೇ ಮೊದಲು ಎಂದು ನನ್ನ ನೆನಪು.

ಬಟ್ಟೆ, ಮಂಚ, ಪಥ್ಯ, ಹೊಲಿಗೆ. ಈ ಪಟ್ಟಿ ಆಕೆಗೆ ಹೊಸದಲ್ಲ. ಆಸ್ಪತ್ರೆಗೆ ಹೋಗಿ ಬಂದವರನ್ನು ಆರೈಕೆ ಮಾಡುವ ವಿದ್ಯೆ ಆಕೆಗೆ ಗೊತ್ತಿದ್ದದ್ದು ಒಂದೇ: ಬಾಣಂತನ. ಕೂಡಲೇ ದೇವದುರ್ಗದಿಂದ ತನ್ನ ಅಕ್ಕನನ್ನು ಕರೆಸಿದಳು. ಆ ಮನೆತನದ ಹೆರಿಗೆಗಳನ್ನೆಲ್ಲ ಮುಂದೆ ನಿಂತು ಸುಧಾರಿಸಿದ ಹೆಂಗಸು ಆಕೆ. ಬಾಣಂತಿಯ ಅಂಟಿನುಂಡೆಗೆಂದು ತುಪ್ಪದ ಡಬ್ಬಿ, ತಿನ್ನುವ ಅಂಟು, ಅಳವಿ ಬೀಜ, ಒಣಕೊಬ್ಬರಿ, ಉತ್ತತ್ತಿಗಳ ಗಂಟು ಹೊತ್ತು ಬಸ್ಸಿಳಿದಳು. ಏಪ್ರಿಲ್ ತಿಂಗಳು, ರಾಯಚೂರಿನ ಬಿಸಿಲು. ಮಂಚದ ಕೆಳಗಿಡಲು ಇದ್ದಿಲ ಅಗ್ಗಿಷ್ಟಿಕೆಯನ್ನೂ ತಂದಿದ್ದಳು.

"ಅಕ್ಕಾರ, ನಾ ಹಡೆಯಾಕ ಹೊಂಟಿಲ್ಲ," ಎಂದೆ.

"ಹಡೆಯಾಕ ಹೋಗೋರು ಇಷ್ಟು ಮಾತಾಡಂಗಿಲ್ರಿ. ಹೊಟ್ಟಿ ಕೊಯ್ದ ಮ್ಯಾಲ ಗಂಡೇನು, ಹೆಣ್ಣೇನು? ಬಾಣಂತನ ಅಂದ್ರ ಬಾಣಂತನನ."

ಇಬ್ಬರೂ ಕೂತು ಹಳೆಯ ಸೀರೆಗಳನ್ನು ಹರಿದು ಒಗೆದು ಅಂಗಳದ ಹಗ್ಗದ ಮೇಲೆ ಒಣಹಾಕಿದರು. ಅಂಟಿನುಂಡೆ ಕಟ್ಟುವ ತುಪ್ಪದ ವಾಸನೆ ಓಣಿಯ ಕೊನೆಯವರೆಗೂ ಹೋಯಿತು. ಓಣಿಗೆ ಮಾತ್ರ ನಿಜವನ್ನು ಹೇಳಿರಲಿಲ್ಲ. ಕ್ಯಾನ್ಸರ್ ಎಂಬ ಹೆಸರೇ ಬೇಡ ಎಂದಳು ಹೆಂಡತಿ. ಆಪರೇಷನ್ ಎಂದರೆ ಮೈಯಲ್ಲಿ ಎಲ್ಲಿಗೆ ಎನ್ನುತ್ತಾರೆ, ಆ ಜಾಗವನ್ನು ಹೇಗೆ ಹೇಳುವುದು? ನಾನು ಹೈದರಾಬಾದಿಗೆ ಪರೀಕ್ಷೆಯ ಪೇಪರ್ ತಿದ್ದಲು ಹೋಗುತ್ತೇನೆ ಎಂದು ಸಾರಿದಳು.

ಆಪರೇಷನ್ ಆಯಿತು. ಅದರ ಬಗ್ಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ. ದೀಪ ನೆನಪಿದೆ, ಯಾರೋ ತೆಲುಗಿನಲ್ಲಿ ಊಟದ ಮಾತಾಡುತ್ತಿದ್ದುದು ನೆನಪಿದೆ. ಹತ್ತು ಹನ್ನೆರಡು ದಿನದ ಮೇಲೆ ನಳಿಕೆ ಮತ್ತು ಚೀಲದ ಸಮೇತ ರಾಯಚೂರಿಗೆ ಬಂದೆ. ಬೆಳಕು ಹರಿಯುವ ಮೊದಲೇ ಮನೆ ಸೇರಿಸಿ, ನಡುಮನೆಯ ಬಾಗಿಲಿಗೆ ಪರದೆ ಕಟ್ಟಿದರು. ಬಾಣಂತಿಯ ಕೋಣೆಗೆ ಕಟ್ಟುವಂಥದೇ ಪರದೆ. "ಇವರಿಗೆ ಬೆನ್ನು ಹಿಡದದ," ಎಂದಳು ಹೆಂಡತಿ, ಕೇಳಿದವರಿಗೆ.

ಮಗಳನ್ನು ಹಿಂದಿನ ವರ್ಷವಷ್ಟೇ ಶಕ್ತಿನಗರದ ಎಂಜಿನಿಯರನಿಗೆ ಕೊಟ್ಟಿದ್ದೆವು. ಆಕೆ ಅದೇ ವಾರ ಬಂದಳು. ನನಗೆ ಕೂರಲು ಅನುಕೂಲವಾಗಲೆಂದು ಗಾಳಿ ತುಂಬುವ ರಬ್ಬರಿನ ಬಳೆಯಾಕಾರದ ದಿಂಬನ್ನು ತಂದಿದ್ದಳು. ಅದನ್ನು ಓಣಿಯಲ್ಲಿ ಎಲ್ಲರೆದುರು ಹಿಡಿದು ಬರಲು ನಾಚಿಕೆಯಾಗಿ, ಸೆರಗಿನ ಒಳಗೆ ಹೊಟ್ಟೆಗೆ ಅವುಚಿಕೊಂಡು ಆಟೋದಿಂದ ಇಳಿದಳು. ದಿಂಬಿನಲ್ಲಿ ಗಾಳಿ ಇತ್ತೆ, ಇರಲಿಲ್ಲವೆ ಎಂಬುದು ನಮ್ಮ ಮನೆಯಲ್ಲಿ ಇಂದಿಗೂ ತೀರದ ವ್ಯಾಜ್ಯ. ಇರಲಿಲ್ಲ, ಮಡಚಿಕೊಂಡಿದ್ದೆ ಎನ್ನುತ್ತಾಳೆ ಮಗಳು. ತುಂಬಿತ್ತು, ನಾನೇ ಬಾಗಿಲಲ್ಲಿದ್ದೆ ಎನ್ನುತ್ತಿದ್ದಳು ದೇವದುರ್ಗದ ಅಕ್ಕ. ಯಾರಾದರೂ ದಿಂಬಿಗೆ ಗಾಳಿ ತುಂಬಿಕೊಂಡು ಪ್ರಯಾಣ ಮಾಡುತ್ತಾರೆಯೇ ಎಂದು ನಾನು ಮಗಳ ಕಡೆ ವಾಲುತ್ತೇನೆ. ಆದರೆ ಮುಂದೆ ನಡೆದದ್ದನ್ನು ನೋಡಿದರೆ ಗಾಳಿ ಇದ್ದಿರಲೂಬಹುದು.

ನನ್ನ ಬಾಣಂತನ ನಿಜವಾಗಿ ಸುಖದ್ದಾಗಿತ್ತು. ಕಿವಿಗೆ ಹತ್ತಿ ಇಟ್ಟರು. ಆ ಧಗೆಯಲ್ಲಿ ತಲೆಗೆ ಬಟ್ಟೆ ಸುತ್ತಿದರು. ಅಗ್ಗಿಷ್ಟಿಕೆಯನ್ನು ನಾನು ಕಾಲಿನಿಂದ ದೂಡುವುದು, ಅಕ್ಕ ಮತ್ತೆ ಒಳಗೆ ತಳ್ಳುವುದು ನಡೆದೇ ಇತ್ತು. ನಮ್ಮೂರಿನ ಡಾಕ್ಟರು ಬಂದು ನೋಡಿ, "ಯವ್ವಾ, ಇವರನ್ನು ಉಳಿಸ್ತೀರೋ, ಹುರೀತೀರೋ?" ಎಂದು ಅದನ್ನು ಹೊರಗೆ ಹಾಕಿಸಿದರು. ಅಂಟಿನುಂಡೆಗೆ ಮಾತ್ರ ಅವರು ಏನೂ ಅನ್ನಲಿಲ್ಲ. ಯಾಕೆಂದರೆ ಅಕ್ಕ ಅಷ್ಟರಲ್ಲಿ ಅವರ ಕೈಗೂ ಒಂದು ಉಂಡೆ ಕೊಟ್ಟಿದ್ದಳು.

ನಳಿಕೆ ತೆಗೆಯುವ ದಿನ ಬಂತು. ಡಾಕ್ಟರು ಮನೆಗೇ ಬಂದು ತೆಗೆದರು.

"ಸರ್, ನೀರು ಕುಡೀರಿ, ಅಡ್ಡಾಡ್ರಿ. ಸಂಜಿಗಿ ಬರ್ತೀನಿ. ಅಷ್ಟರಾಗ ಆಗಲಿಲ್ಲ ಅಂದ್ರ ಮತ್ತ ಪೈಪ ಹಾಕಿ, ನಾಳಿ ಹೈದರಾಬಾದಿಗಿ ಹೋಗೂದು. ಬ್ಯಾರೆ ದಾರಿ ಇಲ್ಲ."

ಓಡಾಡು ಎಂದು ಡಾಕ್ಟರೊಬ್ಬರು ನನಗೆ ಹೇಳಿದ್ದು ಬದುಕಿನಲ್ಲಿ ಅದೊಂದೇ ಸಲ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ನಡೆದೆ. ನೀರು, ಮಜ್ಜಿಗೆ, ಬಾರ್ಲಿ ಗಂಜಿ. ಎದುರು ಸಿಕ್ಕವರೆಲ್ಲ ಕೈಗೊಂದು ಲೋಟ ಕೊಡುತ್ತಿದ್ದರು. ಬಚ್ಚಲಿಗೆ ಹೋಗಿ ನಿಲ್ಲುವೆ, ಏನೂ ಇಲ್ಲ. ಮತ್ತೆ ನಡೆಯುವೆ. ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಬಿಗಿದು ಕಲ್ಲಾಯಿತು. ಮನೆಯಲ್ಲಿ ತಮಾಷೆ ನಿಂತಿತು. ಮಗಳು ಗೋಡೆಗೆ ಒರಗಿ ಕೂತಳು. ಅಕ್ಕ ಜಪಸರ ಹಿಡಿದಳು. ಮತ್ತೆ ಆ ಮೇಜು, ಆ ದೀಪ, ಎಂದುಕೊಂಡೆ. ಇನ್ನೊಂದು ಸಲ ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ.

ಆಗ ಹೆಂಡತಿ ಒಂದು ತಂಬಿಗೆ, ಒಂದು ಬಕೆಟು ಹಿಡಿದು ಬಚ್ಚಲ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತಳು.

"ನೀವು ಒಳಗ ನಿಲ್ರಿ. ನಾ ಇಲ್ಲಿ ನೀರು ಹೊಯ್ತೀನಿ. ಸಣ್ಣ ಹುಡುಗರಿಗಿ ಹಿಂಗ ಮಾಡ್ತಿದ್ದಿಲ್ಲೇನು?"

"ನಾ ಸಣ್ಣ ಹುಡುಗೇನು?"

"ನಿಲ್ರಿ ಅಂದ್ರ ನಿಲ್ರಿ. ಪಾಠ ಆಮ್ಯಾಲೆ ಮಾಡೀರಂತ."

ತಂಬಿಗೆಯಿಂದ ಸಣ್ಣ ಧಾರೆಯಲ್ಲಿ ನೀರು ಬಕೆಟಿಗೆ ಬೀಳತೊಡಗಿತು. ಸುರಿದು ಮುಗಿದರೆ ಮತ್ತೆ ತುಂಬಿ ಸುರಿಯುವಳು. ಬಾಗಿಲ ಸಂದಿನಲ್ಲಿ ಆಕೆಯ ಕೈ ಕಾಣುತ್ತಿತ್ತು. ಅರ್ಧ ನೀರು ಬಕೆಟಿನ ಹೊರಗೇ ಬೀಳುತ್ತಿತ್ತು ಎಂದು ನನ್ನ ನೆನಪು. ಇಲ್ಲವೇ ಇಲ್ಲ ಎನ್ನುತ್ತಾಳೆ ಆಕೆ.

"ಬಂತೇನ್ರಿ?"

"ಸುಮ್ನಿರು."

"ಬಂತೇನು?"

"ನೀ ಕೇಳಿದ್ರ ಬರೂದೂ ಬರಂಗಿಲ್ಲ!"

ಮೊದಲು ಒಂದು ಹನಿ. ಉರಿಯುವ ಹನಿ. ಆಮೇಲೆ ಇನ್ನೊಂದು. ಆಮೇಲೆ ಲೆಕ್ಕ ತಪ್ಪಿತು. ಕಾಲೇಜಿನ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ "ಬಂತು!" ಎಂದು ಕೂಗಿದೆ. ಹೊರಗೆ ತಂಬಿಗೆ ನೆಲಕ್ಕೆ ಬಿದ್ದ ಸದ್ದಾಯಿತು.

ನಾನು ಒದ್ದೆ ಪಂಚೆ ಬದಲಿಸಿ ಹೊರಗೆ ಬರುವಷ್ಟರಲ್ಲಿ ಹೆಂಡತಿ ತಾಟಿನ ತುಂಬ ಸಕ್ಕರೆ ಹಾಕಿಕೊಂಡು ಓಣಿಗೆ ಇಳಿದಿದ್ದಳು. ಯಾರು ಏನು ಎಂದು ನೋಡದೆ ಎಲ್ಲರ ಅಂಗೈಗೆ ಹಿಡಿಹಿಡಿಯಾಗಿ ಹಾಕುತ್ತಿದ್ದಳಂತೆ. ಏನು ಸಿಹಿ ಸುದ್ದಿ ಎಂದವರಿಗೆ ಬರೀ ನಗು. ನಮ್ಮ ಕಡೆ ಹೀಗೆ ಬೇಸಿಗೆಯ ನಡುಮಧ್ಯಾಹ್ನ ಮನೆಮನೆಗೂ ಸಕ್ಕರೆ ಹಂಚುವುದು ಕೂಸು ಹುಟ್ಟಿದಾಗ. ಅಂಟಿನುಂಡೆಯ ವಾಸನೆಯನ್ನು ಓಣಿ ಮೂಸಿತ್ತು. ಹಗ್ಗದ ಮೇಲಿನ ಬಟ್ಟೆಯನ್ನು, ಪರದೆಯನ್ನು ನೋಡಿತ್ತು. ಸೆರಗಿನೊಳಗೆ ಏನನ್ನೋ ಹೊತ್ತು ಇಳಿದ ಮಗಳನ್ನೂ ನೋಡಿತ್ತು.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಮುದುಕಿ ಬಂದಳು. ಮನೆಯಲ್ಲಿ ದಖ್ಖನಿ ಮಾತಾಡುವ ಕುಟುಂಬ ಅವರದು. ನನ್ನ ಹೆಂಡತಿ ಆಕೆಯನ್ನು ಆಪಾ ಎನ್ನುತ್ತಿದ್ದಳು. ಆಪಾಳ ಕೈಯಲ್ಲಿ ಕೂಸಿನ ತಲೆಗೆ ಹಾಕುವ ಕುಲಾಯಿ, ತಾನೇ ಮೊದಲೇ ಹೊಲಿದಿಟ್ಟದ್ದು, ಅಂಚಿಗೆ ಜರಿ. ಹಿಂದೆ ಓಣಿಯ ಮೂರ್ನಾಲ್ಕು ಹೆಂಗಸರು.

"ಮುಬಾರಕ್ ಮಾಸ್ತರ್ ಸಾಬ್! ನಾನಾ ಆದ್ರಿ, ಅಜ್ಜ ಆದ್ರಿ! ಎಲ್ಲಿ ಕೂಸು? ಗಂಡೋ, ಹೆಣ್ಣೋ?" ಎನ್ನುತ್ತ ಪರದೆ ಸರಿಸಿದಳು. ಒಳಗಿದ್ದ ಮಂಚದ ಮೇಲೆ ತಲೆಗೆ ಬಟ್ಟೆ ಸುತ್ತಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಮೀಸೆಯ ಬಾಣಂತಿ ಕೂತಿದ್ದೆ ನಾನು. ಮಗಳು ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು.

ಹೆಂಡತಿ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದಳು. ನಗುತ್ತಲೇ ಎಲ್ಲ ಹೇಳಿಬಿಟ್ಟಳು. ಸುಮಾರು ಎರಡು ತಿಂಗಳಿನಿಂದ ಬಾಯಿಗೆ ತಾರದ ಕ್ಯಾನ್ಸರ್ ಎಂಬ ಮಾತನ್ನು, ಆ ಜಾಗವನ್ನು, ಎಲ್ಲವನ್ನೂ.

"ಕೂಸಲ್ಲ ಆಪಾ. ಇವರು... ಇವರು ಒಂದಕ್ಕ ಹೋದ್ರು!"

ಆಪಾ ಬಾಗಿ ಆಕೆಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

"ಹುಚ್ಚಿ, ಒಬ್ಬಾಕಿನ ಇಷ್ಟು ಹೊತ್ಕೊಂಡು ಕುಂತಿದ್ದೇನು? ಎದುರ ಮನಿಯಾಗ ನಾವು ಸತ್ತಿದ್ವೇನು?" ಎಂದು ಬೈದಳು. ಬೈದು ಮುಗಿಸಿ ನನ್ನ ಕಡೆ ತಿರುಗಿದಳು: "ಕುಲಾಯಿ ಹೊಲದದ್ದು ವಾಪಸ್ ಒಯ್ಯಂಗಿಲ್ಲ ಮಾಸ್ತರ್ ಸಾಬ್. ತಲೀ ಕೊಡ್ರಿ ಇಲ್ಲಿ!"

ಆಕೆ ಅದನ್ನು ನನ್ನ ತಲೆಗೆ ಇಟ್ಟಳು ಎಂದು ಮನೆಯಲ್ಲಿ ಹೇಳುತ್ತಾರೆ. ಅಷ್ಟು ಸಣ್ಣ ಕುಲಾಯಿ ನನ್ನ ತಲೆಗೆ ಹೇಗೆ ಕೂತೀತು? ಇದನ್ನು ನಾನು ಒಪ್ಪಿಲ್ಲ.

ಮುಂದೆ ಹಲವು ತಿಂಗಳು ಮೂತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಕೆಮ್ಮಿದರೂ ನಕ್ಕರೂ ಪಂಚೆ ಒದ್ದೆ. ನಗಿಸಬೇಡಿ ಎಂದರೆ ಓಣಿಯವರು ಬೇಕೆಂದೇ ನಗಿಸುತ್ತಿದ್ದರು. ಕ್ರಮೇಣ ಅದೂ ಸರಿಹೋಯಿತು. ಕ್ಯಾನ್ಸರ್ ಉಳಿದಂತಿಲ್ಲ ಎಂದು ಸರ್ಜನ್ ಹೇಳಿದಾಗ ನಾನು ನಂಬಲಿಲ್ಲ. ಅನುಮಾನಿಸುತ್ತಲೇ ಇಷ್ಟು ವರ್ಷ ಬದುಕಿದ್ದೇನೆ.

ಹೆಂಡತಿಗೂ ನನಗೂ ಉಳಿದ ದೊಡ್ಡ ತಕರಾರು ಸಕ್ಕರೆಯದು. ನಾನು "ಬಂತು" ಎಂದ ಮೇಲೆ ಯಾರನ್ನೋ ಅಂಗಡಿಗೆ ಓಡಿಸಿ ತರಿಸಿದ್ದು ಎಂದು ನನ್ನ ತಿಳಿವಳಿಕೆ. "ಅಲ್ರೀ, ಮುಂಜಾನೇನ ನಾ ಹೋಗಿ ತಂದಿಟ್ಟಿದ್ದೆ. ಆಗಂಗಿಲ್ಲ ಅಂತ ನನಗ ಒಮ್ಮಿನೂ ಅನಿಸಿದ್ದಿಲ್ಲ," ಎನ್ನುತ್ತಾಳೆ ಆಕೆ. ಎಲ್ಲ ಸುಖವಾಗಿ ಮುಗಿದ ಮೇಲೆ ಹುಟ್ಟಿದ ಧೈರ್ಯ ಇದು ಎಂದು ನಾನು ಕಾಡಿಸುತ್ತಿದ್ದೆ.

ಕೆಲವು ವರ್ಷಗಳ ನಂತರ, ತೀನ್ ಕಂದೀಲ್ ಚೌಕದ ಹತ್ತಿರ ನಾವು ಸಾಮಾನು ತರುತ್ತಿದ್ದ ಕಿರಾಣಿಯವನನ್ನು ಕೇಳಿದೆ. ಆಕೆ ಏನು ಹೇಳುತ್ತಾಳೆ ಎಂಬುದನ್ನು ಬಾಯಿಬಿಡದೆ, ಆ ದಿನದ್ದು ಏನಾದರೂ ನೆನಪಿದೆಯೇ ಎಂದಷ್ಟೇ ಕೇಳಿದೆ.

"ಹ್ಯಾಂಗ ಮರೀಲಿ ಸಾಬ್? ಅಂಗಡಿ ಬಾಗಲಾ ಆಗಷ್ಟ ತೆಗದಿದ್ದೆ, ಬೋಣಿಗಿ ನಿಮ್ಮ ಮನಿಯವರದ. ಇಷ್ಟು ಸಕ್ಕರಿ ಯಾಕ್ರಿ, ಏನು ಖುಷಿ ಅಂದೆ. 'ಇನ್ನಾ ಆಗಿಲ್ಲ, ಇವತ್ತ ಆಗ್ತದ' ಅಂದ್ರು. ಮಧ್ಯಾಹ್ನ ನೋಡಿದ್ರ ನನ್ನ ಅಂಗಡಿ ಸಕ್ಕರಿ ನನಗ ಹಂಚಾಕ ಬಂದ್ರು!"

ಆ ಅಂಗಡಿ ಬಾಗಿಲು ತೆಗೆಯುತ್ತಿದ್ದುದು ಬೆಳಿಗ್ಗೆ ಎಂಟಕ್ಕೆ. ಡಾಕ್ಟರು ನಮ್ಮ ಮನೆಗೆ ಬಂದದ್ದು ಹತ್ತರ ಮೇಲೆ. ಇದನ್ನು ಅವರನ್ನೂ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಸಕ್ಕರೆ ಕೊಂಡದ್ದು ಮೊದಲು, ನಳಿಕೆ ತೆಗೆದದ್ದು ಆಮೇಲೆ.