ನಿಪ್ಪಟ್ಟಿನ ಜೊತೆ ಬರುತ್ತಿದ್ದ ಸಿನಿಮಾ

"ಮೇಡಂ, ಓಟಿಪಿ ಹೇಳಿ."

ಕಳೆದ ಮಂಗಳವಾರ ಬೆಳಗ್ಗೆ. ಒಲೆ ಮೇಲೆ ಸಾರು ಕುದೀತಾ ಇತ್ತು. ಗೇಟಿನ ಹತ್ತಿರ ಪಾರ್ಸೆಲ್ ಬೈಕಿನವರು ಹೆಲ್ಮೆಟ್ ಕೂಡ ತೆಗೆಯದೆ ನಿಂತಿದ್ದರು. ನಾನು ಏನೂ ಆರ್ಡರ್ ಮಾಡಿರಲಿಲ್ಲ. (ಮೊದಲು ನಮ್ಮನೆಯವರ ಮೇಲೇ ಅನುಮಾನ ಬಂತು. ನನಗೆ ಹೇಳದೆ ಮೊಣಕಾಲಿನ ಬೆಲ್ಟು ತರಿಸೋದು ಅವರ ಹವ್ಯಾಸ.)

"ಎಲ್ಲಿಂದ ಬಂದಿರೋದು ಸಾರ್?"

"ಕೋಣನಕುಂಟೆ ಮೇಡಂ. ನಾಗವೇಣಿ ಅಂತ ಕಳಿಸಿದ್ದಾರೆ."

ಒಳಗೆ ಓಡಿ ಫೋನ್ ನೋಡಿದೆ. ಮೆಸೇಜ್ ಬಂದು ಕೂತಿತ್ತು. "ಮನೆ ಕ್ಲೀನ್ ಮಾಡ್ತಿದ್ದೆ. ನಿನ್ನ ಸಿನಿಮಾ ಸಿಕ್ತು. ಕಳಿಸಿದೀನಿ." ಕೆಳಗೆ ಓಟಿಪಿ. ಅದರ ಕೆಳಗೆ ಕೈಮುಗಿಯೋ ಎಮೋಜಿ.

ಕೈಮುಗಿಯೋ ಎಮೋಜಿ! ನನ್ನ ಸೋಫಾ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ತಟ್ಟೆಯಿಂದಲೇ ಕಡಲೆಪುರಿ ಎತ್ತಿ ತಿಂತಿದ್ದವಳು ನನಗೆ ಕೈಮುಗಿಯೋದಾ? ಅದನ್ನ ನಾವು ಅಸೋಸಿಯೇಷನ್ ಸೆಕ್ರೆಟರಿಗೆ ಕಳಿಸ್ತೀವಿ. ಗೆಳತಿಗೆ ಕಳಿಸ್ತೀವಾ?

ಓಟಿಪಿ ಹೇಳಿದೆ. ಪೇಪರ್ ಬ್ಯಾಗ್ ಕೈಗೆ ಬಂತು. ಒಳಗೆ ನನ್ನ ಸಿನಿಮಾ ಡಿಸ್ಕಿನ ನೀಲಿ ಕೇಸು, ಮೂಲೆಯಲ್ಲಿ ನಾನೇ ಅಂಟಿಸಿದ್ದ ಹೆಸರಿನ ಚೀಟಿ. ಬೇರೆ ಯಾರಾದರೂ ಆಗಿದ್ದರೆ ಪಾಪ, ನೆನಪಿಟ್ಟುಕೊಂಡು ವಾಪಸ್ ಕೊಟ್ಟಳಲ್ಲ ಅಂತ ಖುಷಿಪಡ್ತಿದ್ದರು. ನಾನು ಬ್ಯಾಗನ್ನ ಟೀವಿ ಪಕ್ಕ ಕುಕ್ಕಿ, ಆ ಎಮೋಜಿಯನ್ನೇ ಮತ್ತೆ ತೆಗೆದು ನೋಡಿದೆ. ಅಷ್ಟರಲ್ಲಿ ಸಾರು ಉಕ್ಕಿ ಒಲೆ ಪೂರ್ತಿ ಹರಿದಿತ್ತು.

ನನ್ನ ಅನಿಮೆ ಹುಚ್ಚು ಈ ಅಂಕಣ ಓದೋ ನಿಮಗೆ ಹೊಸದೇನಲ್ಲ. ಅನಿಮೆ ಅಂದರೆ ಜಪಾನಿನವರು ಕೂತು ಬರೆದ ಚಿತ್ರಗಳ ಸಿನಿಮಾ. (ಕಾರ್ಟೂನ್ ಅನ್ನಬೇಡಿ. ಅಂದಾಗೆಲ್ಲ ನನ್ನ ಮಗಳಿಂದ ಬೈಸಿಕೊಂಡಿದ್ದೀನಿ.) ಮಗಳು ಸ್ಕೂಲಲ್ಲಿದ್ದಾಗ ಅವಳಿಗೋಸ್ಕರ ಡಿಸ್ಕ್ ತಂದೆ. ಅವಳು ಕಾಲೇಜಿಗೆ ಹೋದ ಮೇಲೆ ನೋಡೋದು ಬಿಟ್ಟಳು, ನಾನು ಬಿಡಲಿಲ್ಲ. ಜಯನಗರ ಫೋರ್ತ್ ಬ್ಲಾಕಿನಲ್ಲಿ ಒಂದು ಅಂಗಡಿ ಇತ್ತು. ಸೊಪ್ಪು ತರೋಕೆ ಹೋದವಳು ಸೊಪ್ಪಿನ ಜೊತೆ ಒಂದು ಡಿಸ್ಕೂ ತರ್ತಿದ್ದೆ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರ್ತಾರೆ.

ಆಗ ನಮ್ಮ ಬಿಲ್ಡಿಂಗಿನ ಮೇಲ್ಮನೆಗೆ ಬಾಡಿಗೆಗೆ ಬಂದವಳು ನಾಗವೇಣಿ. ಕೋಣನಕುಂಟೆಯವಳು. ಅಲ್ಲಿ ಅವಳ ಮಾವನವರ ರಾಗಿ ಹೊಲದಲ್ಲಿ ಬಿಲ್ಡಿಂಗ್ ಏಳ್ತಾ ಇತ್ತು. ಅದು ಮುಗಿಯೋ ತನಕ, ಮಕ್ಕಳ ಸ್ಕೂಲಿಗೂ ಹತ್ತಿರ ಆಗುತ್ತೆ ಅಂತ ಅತ್ತೆ ಸಮೇತ ಇಲ್ಲಿಗೆ ಬಂದಿದ್ದರು. ಒಂದು ಮಧ್ಯಾಹ್ನ ಮೊಸರಿಗೆ ಹೆಪ್ಪು ಕೇಳೋಕೆ ಬಂದವಳು ಟೀವಿ ನೋಡಿ ನಿಂತುಬಿಟ್ಟಳು.

"ಏನೇ ಇದು, ಇಷ್ಟು ದೊಡ್ಡೋಳಾಗಿ ಬೊಂಬೆ ಸಿನಿಮಾ ನೋಡ್ತೀಯ?"

"ಕೂತ್ಕೊ, ಐದು ನಿಮಿಷ ನೋಡು."

ಸಿನಿಮಾ ಮುಗಿದ ಮೇಲೆ ಎದ್ದಳು. ಹೆಪ್ಪು ಮರೆತೇ ಹೋಗಿದ್ದಳು.

ಆ ಸಿನಿಮಾದ ಹೆಸರು ಹೇಳಲ್ಲ. (ಹೇಳಿದರೆ ಸಂಜೆಯೊಳಗೆ ನೀವೆಲ್ಲ ಲಿಂಕ್ ಕಳಿಸ್ತೀರ.) ಒಂದು ದ್ವೀಪ, ಅಲ್ಲಿ ಹಡಗುಗಳಿಗೆ ದಾರಿ ತೋರೋ ದೀಪದ ಕಂಬ ನೋಡಿಕೊಳ್ಳೋ ಇಬ್ಬರು ಅಕ್ಕತಂಗಿ, ಜೊತೆಗೊಂದು ಜಗಳಗಂಟಿ ಬಾತುಕೋಳಿ. ಅಷ್ಟೇ ಕಥೆ. ಅದರಲ್ಲಿ ಅಕ್ಕ ಅನ್ನ ಮಾಡ್ತಾಳೆ. ಪಾತ್ರೆ ಮುಚ್ಚಳ ತೆಗೆದಾಗ ಹಬೆ ಏಳುತ್ತೆ ನೋಡಿ, ಅದಕ್ಕೆ ನಾಗವೇಣಿ ಕಣ್ಣಲ್ಲಿ ನೀರು. "ಅನ್ನಾನ ಇಷ್ಟು ಚೆನ್ನಾಗಿ ಬರೀತಾರಲ್ಲೇ ಇವರು! ಮುದ್ದೆ ಬರೆದು ತೋರಿಸಲಿ, ಆಗ ಒಪ್ಕೋತೀನಿ" ಅಂತ ಮೂಗೊರೆಸಿಕೊಂಡಳು.

ಕಷ್ಟ ಏನಪ್ಪಾ ಅಂದರೆ ಮಾತೆಲ್ಲ ಜಪಾನೀಸು, ಕೆಳಗೆ ಇಂಗ್ಲಿಷ್ ಅಕ್ಷರ. ನಾಗವೇಣಿಗೆ ಅಷ್ಟು ಸ್ಪೀಡಾಗಿ ಓದೋಕೆ ಬರ್ತಿರಲಿಲ್ಲ. ಹಾಗಾಗಿ ನಾನೇ ಕನ್ನಡದಲ್ಲಿ ಹೇಳ್ತಾ ಹೋದೆ. ಅಕ್ಕನಿಗೆ ನನ್ನ ಬಸವನಗುಡಿ ಕನ್ನಡ. ಬಾತುಕೋಳಿಗೆ ಮಾತ್ರ ನಾಗವೇಣಿಯ ಕೋಣನಕುಂಟೆ ಕನ್ನಡವೇ ಆಗಬೇಕು, ಅದು ಅವಳ ಆರ್ಡರು. "ಏನ್ಲಾ, ಯಾಕ್ಲಾ ನನ್ ಜಾಗ್ದಾಗ್ ಕುಂತಿದ್ದೀಯಾ?" ಅಂತ ನಾನು ಬಾತುಕೋಳಿ ಆದಾಗ ಅವಳು ನಕ್ಕು ನಕ್ಕು ಸೋಫಾದಿಂದ ಜಾರಿಬೀಳ್ತಿದ್ದಳು. ಮೇಲಿನಿಂದ ಅವರತ್ತೆ "ಏನ್ರೇ ಅದು ಗಲಾಟೆ?" ಅಂತ ಕೂಗ್ತಿದ್ದರು.

ಆಮೇಲೆ ಡಿಸ್ಕ್ ಮೇಲಕ್ಕೆ ಹೋಗೋದು, ಕೆಳಕ್ಕೆ ಬರೋದು ಶುರುವಾಯ್ತು. ಮೊದಲ ಸಲ ಅವಳು ವಾಪಸ್ ಕೊಟ್ಟಾಗ ಕೇಸು ತೆಗೆದು ನೋಡಿದರೆ ಡಿಸ್ಕಿನ ಮೇಲೆ ಬಟರ್ ಪೇಪರ್, ಅದರೊಳಗೆ ತೆಳ್ಳಗಿನ ಒಂದು ನಿಪ್ಪಟ್ಟು!

"ಅಯ್ಯೋ ನಿನ್ನ! ಎಣ್ಣೆ ಆಗಲ್ವೇನೆ ಡಿಸ್ಕಿಗೆ?"

"ನಮ್ಮತ್ತೆ ಹೇಳವ್ರೆ, ಯಾರ ಮನೆ ಡಬ್ಬಿನೂ ಬರಿದು ವಾಪಸ್ ಕೊಡಬಾರ್ದು ಅಂತ."

"ಇದು ಡಬ್ಬಿ ಅಲ್ಲ ಕಣೆ, ಸಿನಿಮಾ ಕೇಸು."

"ಮುಚ್ಚಳ ಐತೆ ತಾನೆ? ಹಂಗಾದ್ರೆ ಡಬ್ಬಿನೇ."

ನಾನು ನಿಪ್ಪಟ್ಟು ತಿಂದೆ. ಆಮೇಲೆ ಅವಳು ಇದ್ದಷ್ಟು ದಿನ ಒಂದು ಡಿಸ್ಕೂ ಬರಿದಾಗಿ ಕೆಳಗೆ ಇಳಿಯಲಿಲ್ಲ. ಕೆಲವು ಡಿಸ್ಕುಗಳಿಗೆ ಇವತ್ತಿಗೂ ಇಂಗಿನ ವಾಸನೆ ಇದೆ.

ಬಿಲ್ಡಿಂಗ್ ಮುಗೀತು. ಅವರು ಕೋಣನಕುಂಟೆಗೆ ಹೋದರು. ನಮ್ಮನೆಗೂ ಹೊಸ ಗಾಳಿ ಬಂತು. "ಈ ಡಿಸ್ಕುಗಳಿಗೆ ಧೂಳು ಹೊಡೆಯೋದು ಸಾಕಾಯ್ತು ಮಾರಾಯ್ತಿ" ಅಂತ ನಮ್ಮನೆಯವರು ಅಳಿಯನಿಗೆ ಹೇಳಿ ಅಷ್ಟನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿಸಿದರು. ಜೊತೆಗೆ ಮೂರು ಆಪು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿದೆ. ಗೀರಿಲ್ಲ, ಧೂಳಿಲ್ಲ, ಅನ್ನದ ಹಬೆ ಇನ್ನೂ ಸ್ಪಷ್ಟ. ಆಪಿನಲ್ಲಿ ದುಡ್ಡು ಕೊಟ್ಟು ಕೊಂಡಿದ್ದ ಒಂದು ಸಿನಿಮಾ ಒಂದು ದಿನ ಹೇಳದೆ ಕೇಳದೆ ಮಾಯವಾಯ್ತು, ಅದು ಬೇರೆ ವಿಷಯ. "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ" ಅಂತ ಬರೆದಿತ್ತು. ನಮ್ಮ ಪ್ರದೇಶ ಏನು ಪಾಪ ಮಾಡಿತ್ತೋ!

ಆದರೆ ನನ್ನ ತಕರಾರು ಅದಲ್ಲ. ನಾನು ನಾಗವೇಣಿಗೆ ಒಂದು ಫೈಲ್ ಕಳಿಸಿದರೆ ಅದು ಅವಳ ಹತ್ತಿರವೂ ಇರುತ್ತೆ, ನನ್ನ ಹತ್ತಿರವೂ ಇರುತ್ತೆ. ಕೊಟ್ಟ ಹಾಗೂ ಆಗಲ್ಲ, ಈಸಿಕೊಂಡ ಹಾಗೂ ಆಗಲ್ಲ. ವಾಪಸ್ ಕೊಡೋಕೆ ಅಂತ ಯಾರೂ ಯಾರ ಮನೆಗೂ ಬರೋ ಹಾಗಿಲ್ಲ. ಡಿಸ್ಕ್ ಹಾಗಲ್ಲ. ನಿನ್ನ ಮನೆಯಲ್ಲಿದ್ದರೆ ನನ್ನ ಮನೆಯಲ್ಲಿಲ್ಲ. ಬೇಕು ಅಂದರೆ ನಾನು ಬರಬೇಕು, ಇಲ್ಲಾ ನೀನು ಬರಬೇಕು. ಆ ನೆಪದಲ್ಲಿ ಒಂದು ಕಾಫಿ, ಒಂದಿಷ್ಟು ಅತ್ತೆ ಪುರಾಣ, ಬಾಗಿಲಲ್ಲಿ ನಿಂತು ಮತ್ತರ್ಧ ಗಂಟೆ.

ಅದಕ್ಕೇ ಒಂದು ಉಪಾಯ ಮಾಡಿದ್ದೆ. ಅವಳ ಹೊಸ ಮನೆ ನೋಡೋಕೆ ಹೋದಾಗ ದೀಪದ ಕಂಬದ ಸಿನಿಮಾ ತಗೊಂಡು ಹೋಗಿದ್ದೆ. ಗೋಡೆಯಷ್ಟು ದೊಡ್ಡ ಟೀವಿಯಲ್ಲಿ ಹಾಕಿಕೊಂಡು ಇಬ್ಬರೂ ನೋಡಿದೆವು. ನಾನು ಬಾತುಕೋಳಿ ಆದೆ. ಅವರತ್ತೆ ಕೂಡ ಕುರ್ಚಿ ಎಳೆದುಕೊಂಡು ಕೂತು ನಕ್ಕರು. ಹೊರಡುವಾಗ ಸಿನಿಮಾನ ಬೇಕಂತಲೇ ಅಲ್ಲೇ ಬಿಟ್ಟು ಬಂದೆ. ವಾಪಸ್ ಕೊಡೋಕೆ ಬರ್ತಾಳೆ ಅಂತ.

ಬರಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಕೊಟ್ಟುಬಿಡ್ತಾಳಲ್ಲ! ಜಯನಗರದಿಂದ ಕೋಣನಕುಂಟೆ ಕ್ರಾಸಿಗೆ ಈಗ ಮೆಟ್ರೋ ಇದೆ, ಹತ್ತಿ ಕೂತು ನಾಲ್ಕು ಮೆಸೇಜ್ ಓದೋದರೊಳಗೆ ಬರುತ್ತೆ. ಆದರೂ ಮುಂದಿನ ವಾರ, ಹಬ್ಬ ಆದ ಮೇಲೆ, ಟ್ಯಾಂಕ್ ಕ್ಲೀನಿಂಗ್ ಆದ ಮೇಲೆ, ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಒಂದು ಸಲ ಫೋನ್ ಮಾಡಿ "ಹೊಸ ಡಿಸ್ಕ್ ತರ್ಲಾ?" ಅಂದೆ.

"ಯಾಕೆ ತೊಂದ್ರೆ ತಗೋತೀಯ? ಆಪಲ್ಲೇ ಎಲ್ಲ ಐತೆ ಕಣೆ. ತೆಲುಗು ಡಬ್ಬಿಂಗ್ ಬೇರೆ ಬರುತ್ತೆ. ಓದೋ ಕೆಲಸಾನೇ ಇಲ್ಲ" ಅಂದಳು. ಖುಷಿಯಿಂದಲೇ ಅಂದಳು, ನನಗೆ ಚುಚ್ಚಬೇಕು ಅಂತ ಅಲ್ಲ. ಅವತ್ತು ಫೋನ್ ಇಟ್ಟ ಮೇಲೆ ಅಳು ಬಂತು ನನಗೆ. ತೆಲುಗು ಬಾತುಕೋಳಿ ಹೇಗೆ ಮಾತಾಡುತ್ತೋ ಏನೋ!

ಆದರೂ ಒಂದು ಧೈರ್ಯ ಇತ್ತು. ನನ್ನ ಸಿನಿಮಾ ಅವಳ ಮನೆಯಲ್ಲಿದೆ. ನಮ್ಮ ಲೆಕ್ಕ ಇನ್ನೂ ಮುಗಿದಿಲ್ಲ. ಮಂಗಳವಾರದ ಓಟಿಪಿ ಅದನ್ನೂ ಮುಗಿಸಿತು ಅಂದುಕೊಂಡೆ.

ಎರಡು ದಿನ ಆ ಬ್ಯಾಗ್ ಮುಟ್ಟಲಿಲ್ಲ. ಟೀವಿ ಪಕ್ಕ ಹಾಗೇ ಕೂತಿತ್ತು. ಶುಕ್ರವಾರ ಊಟ ಆದ ಮೇಲೆ ನಮ್ಮನೆಯವರು "ಬಂತಲ್ಲ ನಿನ್ನ ದ್ವೀಪ. ಹಾಕು, ನೋಡೋಣ" ಅಂದರು. (ಅವರು ಹಾಗೆ ಅನ್ನೋದು ಅಪರೂಪ. ನನ್ನ ಮುಖ ನೋಡಿ ಅಂದಿರಬೇಕು.) ಕೇಸು ತೆಗೆದೆ. ನಿಪ್ಪಟ್ಟು ಇರಲಿಲ್ಲ. ಬೈಕಿನಲ್ಲಿ ಬಂದ ಸಿನಿಮಾದೊಳಗೆ ಎಲ್ಲಿಂದ ಬರಬೇಕು?

ಡಿಸ್ಕೂ ಇರಲಿಲ್ಲ.

ಕೇಸು ಖಾಲಿ. ಮೊದಲು ಕೋಪ ಬಂತು. ನೋಡದೇನೆ ಕಳಿಸಿದಾಳಲ್ಲ, ಅಷ್ಟೊಂದು ಅಸಡ್ಡೆಯಾ ಅಂತ. ಆಮೇಲೆ ಮೆಲ್ಲಗೆ ಹೊಳೀತು. ಡಿಸ್ಕ್ ಇಟ್ಟುಕೊಂಡಿರೋ ಮನೆಗಳಲ್ಲಿ ಎಲ್ಲರೂ ಮಾಡೋ ತಪ್ಪು ಇದು. ಕೇಸು ಹೊರಗೆ ಉಳಿಯುತ್ತೆ, ಡಿಸ್ಕು ಪ್ಲೇಯರಿನೊಳಗೇ ಕೂತಿರುತ್ತೆ. ಅಂದರೆ ಅವತ್ತು ಮಧ್ಯಾಹ್ನ ನಾವು ಮೂರೂ ಜನ ನಕ್ಕು ಎದ್ದ ಮೇಲೆ ಅದನ್ನ ಯಾರೂ ಹೊರಗೆ ತೆಗೆದಿಲ್ಲ. ನಾವು ಬಿಟ್ಟ ಕಡೆಯೇ ಇದೆ.

"ಫೋನ್ ಮಾಡಿ ಹೇಳು. ಇನ್ನೊಂದು ಬೈಕಲ್ಲಿ ಕಳಿಸ್ತಾಳೆ" ಅಂದರು ನಮ್ಮನೆಯವರು.

"ಖಬರ್ದಾರ್! ಯಾರೂ ಫೋನ್ ಮಾಡಕೂಡದು" ಅಂದೆ.

ಹಾರ್ಡ್ ಡಿಸ್ಕಿನಲ್ಲಿ ಅದೇ ಸಿನಿಮಾ ಇದೆ ಅಂತ ನನಗೂ ಗೊತ್ತು. ಈಗಲೇ ಹಾಕಿಕೊಂಡು ನೋಡಬಹುದು. ಒಬ್ಬಳೇ ಕೂತು ಬಾತುಕೋಳಿ ಮಾತಾಡಲಾ? ಯಾರಿಗೆ?

ನಾಗವೇಣಿ, ನೀನು ಈ ಅಂಕಣ ಓದ್ತೀಯೋ ಇಲ್ಲವೋ ಗೊತ್ತಿಲ್ಲ. ನಿಮ್ಮತ್ತೆ ಓದ್ತಾರೆ. ಕನ್ನಡಕ ಏರಿಸಿಕೊಂಡು, ಇಡೀ ಮನೆಗೆ ಕೇಳೋ ಹಾಗೆ ಗಟ್ಟಿಯಾಗಿ ಓದ್ತಾರೆ ಅಂತ ನೀನೇ ಬೈತಿದ್ದೆ. ಇವತ್ತೂ ಓದಲಿ. ನೀನು ಅಡುಗೆಮನೆಯಲ್ಲೇ ನಿಂತು ಕೇಳಿಸಿಕೊ.

ನನ್ನ ಡಬ್ಬಿ ಬರಿದು ಕಳಿಸಿದ್ದೀಯಲ್ಲೇ, ಅತ್ತೆಗೆ ಈಗ ಏನಂತ ಹೇಳ್ತೀಯ?