ಬಲೆಗೆ ಸಿಕ್ಕಿದ ಸೈಕಲ್

ಸೂರ ಮಾವನ ಬಾಯಿಗೆ ಮಾತ್ರ ರಜೆ ಎಂಬುದಿರಲಿಲ್ಲ. ಜೂನ್ ಬಂತೆಂದರೆ ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡ ಹತ್ತುತ್ತಿದ್ದವು. ನಾವುಂದದ ಆ ಮನೆಯ ಜಗಲಿ ತುಂಬ ಬಲೆ ಹರಡಿಕೊಂಡು ಅವನು ಹರಿದ ಕಣ್ಣುಗಳನ್ನು ಕಟ್ಟುತ್ತ ಕೂರುತ್ತಿದ್ದ. ಹೆಣ್ಣುಮಕ್ಕಳು ಬಲೆ ದಾಟಿದರೆ ಮೀನು ಬೀಳುವುದಿಲ್ಲವೆಂದು ಅವನ ನಂಬಿಕೆ. ಹಾಗಾಗಿ ಅವರೆಲ್ಲ ಹಿತ್ತಲಿಂದ ಸುತ್ತಿ ಓಡಾಡಬೇಕು.

ಈ ವರ್ಷ ಅವನ ತಂಗಿಯ ಮಗಳು ಧನ್ಯಶ್ರೀಯೂ ಮನೆಯಲ್ಲೇ ಇದ್ದಳು. ಅವಳು ಸೈಕಲ್ ರೇಸಿನವಳು. ಬೇಸಿಗೆಯ ರೇಸುಗಳು ಮುಗಿಯುವಷ್ಟರಲ್ಲಿ ಎಡಮಂಡಿ ಊದಿತ್ತು. "ಮೂರು ವಾರ ಸೈಕಲ್ ಮುಟ್ಟಬೇಡ. ಮುಟ್ಟಿದೆಯೋ, ಸೆಪ್ಟೆಂಬರಿನ ರಾಜ್ಯ ತಂಡ ಮರೆತುಬಿಡು" ಎಂದು ಕೋಚ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು.

ಅವಳು ಸೈಕಲ್ ತುಳಿಯುವಾಗ ಉರಿದುಬೀಳುತ್ತಿದ್ದ ಮಾವ, ಈಗ ತುಳಿಯದಿದ್ದುದಕ್ಕೂ ಉರಿದುಬಿದ್ದ.

"ಎಂತ ಹೆಣೆ, ಹುಮ್ಮಸ್ ಮುಗೀತಾ?"

"ರೆಸ್ಟ್, ಮಾವ. ಕೋಚ್ ಹೇಳಿದ್ರ್."

"ಕೂಕಂಡ್ ಉಂಬುಕೂ ಕೋಚ್ ಬೇಕಾ?"

"ನಿಮ್ ಬೋಟ್ ಎರಡ್ ತಿಂಗ್ಳ್ ಮಲ್ಕಂಡಿತ್ತಲೆ, ಅದ್ಕೆ ಯಾರ್ ಬೈತ್ರ್?"

"ಬೋಟ್ ಮಲ್ಕಂಡ್ರೆ ಕಡ್ಲಗೆ ಮೀನ್ ಮರಿ ಆತ್ತ್. ನೀ ಮಲ್ಕಂಡ್ರೆ ಎಂತ ಆತ್ತ್?"

ಆ ಮನೆಯಲ್ಲಿ ಧನ್ಯಶ್ರೀಯನ್ನು ಬಿಟ್ಟರೆ ಮಾವನಿಗೆ ಎದುರಾಡುವವರಿಲ್ಲ. ಅವಳ ತಾಯಿ ಸೀತುವೂ ಅಣ್ಣ ಹೇಳಿದಂತೆ ಹಿತ್ತಲಿಂದಲೇ ಸುತ್ತುತ್ತಿದ್ದಳು.

ರೆಸ್ಟಿನ ಒಂಬತ್ತನೆಯ ದಿನ ಮಾವ ಗೋಡೆಗೊರಗಿದ್ದ ಸೈಕಲಿನ ಮೇಲೆಯೇ ಬಲೆ ಹರವಿದ. "ಸುಮ್ನೆ ನಿಂತದ್ದಲ್ದಾ, ಹೊರ್ಲಿ" ಎಂದ. ಧನ್ಯಶ್ರೀಗೆ ತಡೆಯಲಾಗಲಿಲ್ಲ. ಮಂಡಿ ಹಾಳಾಗಿ ಹೋಗಲಿ, ಮರವಂತೆ ದಾಟಿ ತ್ರಾಸಿವರೆಗೆ ತುಳಿದು ಇವನ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡು ಸೈಕಲನ್ನು ಅಂಗಳಕ್ಕೆಳೆದು ಪೆಡಲ್ ಒತ್ತಿದಳು. ಬಲೆಯ ಅಂಚು ಚೈನಿಗೆ ಸಿಕ್ಕಿಕೊಂಡಿತ್ತು. ಅವನು ಅಷ್ಟು ದಿನ ಕೂತು ಕಟ್ಟಿದ್ದೆಲ್ಲ ಪರಪರ ಹರಿಯಿತು. ಸೈಕಲ್ ಅಂಗಳ ದಾಟಲಿಲ್ಲ.

ಮಾವ ಕೈ ಎತ್ತಲಿಲ್ಲ. ಬಲೆ ಕಟ್ಟುವ ಸೂಜಿಯನ್ನು ಅವಳ ಕಾಲಬುಡಕ್ಕೆ ಎಸೆದ.

"ಹರ್ದವ್ಳೇ ಕಟ್ಟ್. ಮುಗಿವರಿಗೆ ಜಗ್ಲಿ ಇಳೂಕಾಗ."

ಹನ್ನೆರಡು ದಿನ ಇಬ್ಬರೂ ಎದುರುಬದುರು ಕೂತರು. ಸಂಜೆಯಾದರೆ ಅವನು ಅವಳ ಗಂಟುಗಳನ್ನು ಎಳೆದು ನೋಡಿ, ಥೂ ಎಂದು, ಅರ್ಧಕ್ಕರ್ಧ ಬಿಚ್ಚಿಹಾಕುತ್ತಿದ್ದ. ಬೆಳಗ್ಗೆ ಅವಳು ಹಲ್ಲು ಕಚ್ಚಿ ಮತ್ತೆ ಕಟ್ಟುತ್ತಿದ್ದಳು. ಬೆರಳು ಸೀಳಿದವು. ಇಷ್ಟು ದ್ವೇಷ ಅವಳು ಯಾವ ಎದುರಾಳಿಯ ಮೇಲೂ ಸಾಧಿಸಿರಲಿಲ್ಲ.

ಇಪ್ಪತ್ತೊಂದನೆಯ ದಿನ ಕೊನೆಯ ಕಣ್ಣು ಕಟ್ಟಿ ಮುಗಿಸುವಾಗ ಕೋಚ್ ಫೋನ್ ಬಂತು. ಮಂಡಿ ಹೇಗಿದೆ ಎಂದು ಕೇಳಿದರು. ಅವಳು ಎದ್ದು, ಕಾಲು ಮಡಚಿ, ಬಿಡಿಸಿ ನೋಡಿದಳು. ನೋವಿಲ್ಲ. ಅಂದು ರಸ್ತೆಗಿಳಿದಿದ್ದರೆ ಸೆಪ್ಟೆಂಬರಿನಲ್ಲಿ ಮನೆಯಲ್ಲೇ ಕೂರಬೇಕಿತ್ತು. ತನ್ನನ್ನು ಉಳಿಸಿದ್ದು ಈ ಮನುಷ್ಯನ ಹಗೆ ಎಂದು ಹೊಳೆದಾಗ ಅವಳಿಗೆ ಸಂತೋಷವಾಗಲಿಲ್ಲ, ಮೈಯೆಲ್ಲ ಉರಿಯಿತು.

"ನಾಳೆ ಸೈಕಲ್ ತೆಗಿತೆ" ಎಂದಳು.

ಮಾವ ತಲೆ ಎತ್ತಲಿಲ್ಲ. ಅವಳ ಕೊನೆಯ ಗಂಟನ್ನು ಉಗುರಿನಿಂದ ಬಿಚ್ಚತೊಡಗಿದ್ದ. "ಸಡ್ಲ ಇತ್ತ್. ಕೂಕೋ."

ಧನ್ಯಶ್ರೀ ಕೂರಲಿಲ್ಲ. ಹಿತ್ತಲಿಗೂ ಸುತ್ತಲಿಲ್ಲ. ಅವನು ನೋಡುತ್ತಿದ್ದಂತೆಯೇ ಬಲೆಯನ್ನು ದಾಟಿ ಅಂಗಳಕ್ಕಿಳಿದಳು.