ಪಕ್ಕದ ಮನೆಯವರ ಮೇಲೆ ಓಡುವ ಕಾರು

ಎಲ್ಲರ ಗಾಡಿ ಪೆಟ್ರೋಲಿನ ಮೇಲೆ ಓಡುತ್ತದೆ, ವಿಜಯೇಂದ್ರ ಸಾಹೇಬರದು ಮಾತ್ರ ಪಕ್ಕದ ಮನೆಯವರ ಮೇಲೆ ಓಡುತ್ತದೆ ಅಂತ ನಾಗಪುರದ ಪ್ರತಾಪ ನಗರದ ಆ ಗಲ್ಲಿಯಲ್ಲಿ ಒಂದು ಮಾತಿತ್ತು. ಅದನ್ನು ಹುಟ್ಟಿಸಿದವನು ಎದುರು ಮನೆಯ ವಾನಖೇಡೆ. ಹುಟ್ಟಿಸುವ ಹಕ್ಕೂ ಅವನಿಗಿತ್ತು. ಆ ಗಾಡಿಯನ್ನು ಎಲ್ಲರಿಗಿಂತ ಹೆಚ್ಚು ತಳ್ಳಿದವನು ಅವನೇ. ‘ಸಾಹೇಬ’ ಎನ್ನುವಾಗ ಗಲ್ಲಿಯವರು ಆ ಪದವನ್ನು ಸ್ವಲ್ಪ ಎಳೆಯುತ್ತಿದ್ದರು. ವಿಜಯೇಂದ್ರನಿಗೆ ಎಳೆತ ಕೇಳಿಸುತ್ತಿರಲಿಲ್ಲ, ಸಾಹೇಬ ಮಾತ್ರ ಕೇಳಿಸುತ್ತಿತ್ತು. ಅವನ ಹೆಂಡತಿ ಪ್ರಭಾಗೆ ಎರಡೂ ಕೇಳಿಸುತ್ತಿದ್ದವು.

ಎಲ್ಲಿಯ ಸಾಹೇಬ? ಮೈಸೂರಿನ ಕಡೆಯಿಂದ ಬಂದು ವಾಯುಪಡೆಯ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಹೆಡ್ ಕ್ಲರ್ಕ್ ಆಗಿ ನಿವೃತ್ತನಾದವನು. ಆಯಸ್ಸೆಲ್ಲ ಬೇರೆಯವರ ಕಾರಿನ ಬಾಗಿಲು ತೆಗೆದವನು. ಅದು ಅವನ ಕೆಲಸವಾಗಿರಲಿಲ್ಲ, ತೆಗೆ ಎಂದು ಯಾರೂ ಹೇಳಿರಲೂ ಇಲ್ಲ. ಅಧಿಕಾರಿಯ ಗಾಡಿ ಬಂದು ನಿಂತರೆ ಕೈ ತಾನಾಗಿ ಹೋಗುತ್ತಿತ್ತು, ಅಷ್ಟೇ. ಅಂಥ ಗಾಡಿಗಳಲ್ಲಿ ಒಂದು, ಗ್ರೂಪ್ ಕ್ಯಾಪ್ಟನ್ ಪೊನ್ನಪ್ಪನವರ ಕಪ್ಪು ವಿದೇಶಿ ಸೆಡಾನ್. ಗೇಟಿನ ಕಾವಲಿನವನು ಒಳಗೆ ಕೂತವರ ಮುಖ ಕಾಣುವ ಮೊದಲೇ ಗಾಡಿಗೆ ಸೆಲ್ಯೂಟ್ ಹೊಡೆಯುತ್ತಿದ್ದ. ಅದನ್ನು ದಿನವೂ ನೋಡಿ ನೋಡಿ ವಿಜಯೇಂದ್ರನ ತಲೆಯೊಳಗೆ ಹುಳ ಹೊಕ್ಕಿತು. ಆ ಗಾಡಿಯ ಸ್ಟೀರಿಂಗ್ ಹಿಡಿದು, ಹಳೇ ಸಹೋದ್ಯೋಗಿಗಳೆಲ್ಲ ನೋಡುತ್ತಿರುವಾಗ ಒಮ್ಮೆ ಬಂದು ಇಳಿಯಬೇಕು. ಬೇರೆ ಯಾವ ಆಸೆಯೂ ಆ ಮನುಷ್ಯನಿಗೆ ಇರಲಿಲ್ಲ. ಇದ್ದಿದ್ದರೆ ಪ್ರಭಾ ಸುಖವಾಗಿರುತ್ತಿದ್ದಳು.

ವಿಜಯೇಂದ್ರ ನಿವೃತ್ತನಾದ ವರ್ಷವೇ ಪೊನ್ನಪ್ಪನವರಿಗೆ ವರ್ಗವಾಯಿತು. ಗಾಡಿ ಮಾರುತ್ತೇನೆಂದರು. ವಿಜಯೇಂದ್ರ ನಿವೃತ್ತಿಯ ಗಂಟು ಕಟ್ಟಿಕೊಂಡು ಹೋಗಿ ಅವರ ಮುಂದೆ ನಿಂತ. ಸೀತಾಬರ್ಡಿ ಪೇಟೆಯಲ್ಲಿ ಒಂದು ಬನಿಯನ್ ಕೊಳ್ಳಬೇಕಾದರೂ ಬೆಳಕಿಗೆ ಹಿಡಿದು, ಹೊಲಿಗೆ ಎಳೆದು, ಮೂರು ಅಂಗಡಿ ಸುತ್ತುವವನು, ಆವತ್ತು ಬಾನೆಟ್ ಕೂಡ ಎತ್ತಿಸಲಿಲ್ಲ. ಕೊನೆಯ ಸರ್ವಿಸ್ ಯಾವಾಗ, ಏನೇನು ಬದಲಾಯಿಸಿದ್ದಾರೆ, ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಿದ್ದಾರೆ, ಒಂದನ್ನೂ ಕೇಳಲಿಲ್ಲ.

“ಏನಾದ್ರೂ ಕೇಳಿದ್ರಾ?” ಎಂದಳು ಪ್ರಭಾ.

“ಸಾಹೇಬ್ರನ್ನ ಕೇಳೋದಾ? ಅವ್ರು ಕೊಟ್ಟ ಫೈಲನ್ನೇ ನಾನು ಯಾವತ್ತೂ ತಿರುಗಿಸಿ ನೋಡಿದವನಲ್ಲ.”

“ಫೈಲ್ ಕೆಟ್ರೆ ಸರ್ಕಾರದ್ದು ರೀ. ಇದು ಕೆಟ್ರೆ ನಮ್ದು.”

ಕೆಟ್ಟಿತು. ಮೊದಲು ಎಣ್ಣೆ ಸೋರಿತು, ಅದೂ ಪ್ರಭಾ ರಂಗೋಲಿ ಹಾಕುವ ಜಾಗದಲ್ಲೇ. ಆಮೇಲೆ ಗೇರು ಬೀಳುವಾಗ ಹಿಂದಿನಿಂದ ಎಮ್ಮೆ ಗುದ್ದಿದ ಹಾಗೆ ಗಾಡಿ ಎಗರತೊಡಗಿತು. ನಾಗಪುರದ ಮೇ ತಿಂಗಳ ಬಿಸಿಲಿಗೆ ಎಂಜಿನ್ ತಂಪಾಗಿಸುವ ನೀರಿನ ಪ್ಲಾಸ್ಟಿಕ್ ಕೊಳವೆಗಳು ಹಪ್ಪಳದಂತೆ ಮುರಿದವು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಹಳದಿ ದೀಪ ಹತ್ತಿದಾಗಲೆಲ್ಲ ವಿಜಯೇಂದ್ರ, “ಸೆನ್ಸರ್ ಅಷ್ಟೇ,” ಎನ್ನುತ್ತಿದ್ದ. ಸೆನ್ಸರ್ ಎಂದರೇನೆಂದು ಅವನಿಗೂ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಶನಿ ಅದರ ಬಲೂನು. ಬಡವರ ಕಾರಿಗೆ ಸ್ಪ್ರಿಂಗ್ ಇದ್ದಲ್ಲಿ ಈ ಮಹಾರಾಜನಿಗೆ ಗಾಳಿ ತುಂಬಿದ ರಬ್ಬರಿನ ಬಲೂನು. ಒಂದು ಬಲೂನಿನ ಬೆಲೆಗೆ ಹೊಸ ಸ್ಕೂಟರು ಬರುತ್ತದೆ. ಒಂದು ಹೋದರೆ ಜೋಡಿಯಾಗಿ ಬದಲಾಯಿಸಬೇಕು ಅಂತ ಸದರ್‌ನ ಗ್ಯಾರೇಜಿನವನು ಹೇಳಿದ. ಇವನು ಒಂದನ್ನೇ ಹಾಕಿಸಿ, ಇನ್ನೊಂದಕ್ಕೆ ತೇಪೆ ಹಚ್ಚಿಸಿದ. ಬೆಳಗ್ಗೆದ್ದು ನೋಡಿದರೆ ತೇಪೆಯ ಬದಿಗೆ ಗಾಡಿ ಮಂಡಿಯೂರಿ ಕೂತಿರುತ್ತಿತ್ತು, ಥೇಟ್ ನಮಾಜಿಗೂ ಅಲ್ಲ ನಮಸ್ಕಾರಕ್ಕೂ ಅಲ್ಲ ಎಂಬ ಹಾಗೆ. ಆ ಬೇಸಿಗೆ ಕಾರಿನ ಎ.ಸಿ.ಗೆ ಹೊಸ ಕಂಪ್ರೆಸರ್ ಬಂತು, ಮನೆಯ ಕೂಲರಿಗೆ ಗಾಳಿ ತಂಪಾಗಿಸುವ ಹೊಸ ಹುಲ್ಲು ಬರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಪ್ರಭಾ ಒದ್ದೆ ಸೆರಗು ಹೊದ್ದುಕೊಂಡು ಮಧ್ಯಾಹ್ನಗಳನ್ನು ಕಳೆದಳು.

ಹೀಗಿರುವಾಗ ದಸರೆ ಬಂತು. ನಾಗಪುರದಲ್ಲಿದ್ದ ಹಳೇ ಸಿಬ್ಬಂದಿಯೆಲ್ಲ ಸದರ್‌ನ ಒಂದು ಸಭಾಂಗಣದಲ್ಲಿ ಕೂಡುವವರಿದ್ದರು, ಪೊನ್ನಪ್ಪನವರೇ ಮುಖ್ಯ ಅತಿಥಿ. ವಿಮಾನ ನಿಲ್ದಾಣದಿಂದ ನಿಮ್ಮದೇ ಗಾಡಿಯಲ್ಲಿ ನಾನೇ ಕರೆತರುತ್ತೇನೆ ಸರ್ ಅಂತ ವಿಜಯೇಂದ್ರ ಫೋನಿನಲ್ಲಿ ಹಟ ಹಿಡಿದ. ಗಲ್ಲಿಗೆಲ್ಲ ಹೇಳಿಕೊಂಡು ಬಂದ. ಹಿಂದಿನ ದಿನ ಆಯುಧಪೂಜೆ. ಗಾಡಿಗೆ ಮಾಲೆ ಹಾಕಿ, ಕುಂಬಳಕಾಯಿ ಒಡೆದು, ಚಕ್ರಗಳಡಿ ನಿಂಬೆಹಣ್ಣು ಇಟ್ಟ. ಗಾಡಿ ಮುಂದೆ ಹೋಗಿ ಹಣ್ಣು ಅರೆಯಬೇಕು. ಗಾಡಿ ಹೊರಡಲೇ ಇಲ್ಲ. ವಾನಖೇಡೆ ಬನಿಯನ್ನಿನಲ್ಲೇ ಬಂದ. ಸೀಟಿನ ಪಕ್ಕದ ಮುಚ್ಚಳ ತೆಗೆದು ಒಳಗಿನ ಕೊಂಡಿ ಒತ್ತಿದರೆ ಗೇರು ಬಿಡುತ್ತದೆಂದು ಗಲ್ಲಿಗೆಲ್ಲ ಬಾಯಿಪಾಠವಾಗಿತ್ತು. ನಾಲ್ಕು ಜನ ತಳ್ಳಿ ನಿಂಬೆಹಣ್ಣು ಅರೆಸಿದರು.

“ಪ್ರಭಾತಾಯಿ, ನಿಂಬೆಹಣ್ಣು ನಮ್ಮ ಚಪ್ಪಲಿ ಕೆಳಗೇ ಇಟ್ಟಿದ್ರೆ ಬರೋಬರ್ ಇರ್ತಿತ್ತು,” ಎಂದ ವಾನಖೇಡೆ. ಪ್ರಭಾ ನಗಲಿಲ್ಲ. ಒಳಗೆ ಹೋಗಿ ಅವರಿಗೆ ಚಹಾ ಇಟ್ಟಳು.

ಮರುದಿನ ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಪೊನ್ನಪ್ಪನವರು ಹಿಂದೆ, ಸ್ಟೀರಿಂಗಿನಲ್ಲಿ ಇಸ್ತ್ರಿಯ ಅಂಗಿ ತೊಟ್ಟ ವಿಜಯೇಂದ್ರ, ಪಕ್ಕದಲ್ಲಿ ಹಬ್ಬದ ಬಂಗಾರವೆಂದು ಎಲ್ಲರಿಗೂ ಹಂಚುವ ಎಲೆಗಳ ಚೀಲ ಹಿಡಿದ ಪ್ರಭಾ. ವರ್ಧಾ ರಸ್ತೆಯಲ್ಲಿ ಸ್ವಲ್ಪ ದೂರ ಗಾಡಿ ಹಂಸದ ಹಾಗೆ ಹೋಯಿತು. ಆಮೇಲೆ ಉಸ್ಸೆಂದಿತು. ತೇಪೆ ಬಿಟ್ಟು ಒಂದು ಬದಿ ಕುಸಿದು, ಚಕ್ರ ಮಡ್‌ಗಾರ್ಡಿಗೆ ಉಜ್ಜಿ, ಮೆಟ್ರೋ ಕಂಬದ ಕೆಳಗೆ ನಿಂತುಬಿಟ್ಟಿತು. ಹಿಂದೆ ಹಾರ್ನುಗಳ ಜಾತ್ರೆ.

ಪೊನ್ನಪ್ಪನವರು ಇಳಿದು ಬಗ್ಗಿ ನೋಡಿದರು. “ಇನ್ನೂ ಆ ಬಲೂನ್ ಕಥೇನೇನಯ್ಯಾ? ನನ್ನ ಕಾಲದಲ್ಲೂ ಇದೇ ಆಗಿತ್ತು. ಅದಕ್ಕೇ ಅಲ್ವಾ ಮಾರಿದ್ದು.”

ವಿಜಯೇಂದ್ರ ನೆಟ್ಟಗೆ ನಿಂತಿದ್ದ, ಬೈಗುಳ ಕೇಳುವ ಗುಮಾಸ್ತ ನಿಲ್ಲುವ ಹಾಗೆ. ಪ್ರಭಾಗೆ ತಡೆಯಲಾಗಲಿಲ್ಲ.

“ಆಗ್ಲೇ ಹೇಳ್ಬೋದಿತ್ತಲ್ಲ ಸರ್.”

“ಇವನು ಕೇಳ್ಲೇ ಇಲ್ಲ ತಾಯಿ. ಕೇಳಿದ್ದಿದ್ರೆ ಹೇಳ್ತಿದ್ದೆ.”

ಸಭೆಗೆ ಹೊತ್ತಾಗುತ್ತದೆಂದು ಪೊನ್ನಪ್ಪನವರು ಆಟೋ ಕರೆದರು. ವಿಜಯೇಂದ್ರ ಓಡಿಹೋಗಿ ಬಾಗಿಲು ತೆಗೆಯಲು ಕೈ ಚಾಚಿದ. ಆಟೋಗೆ ಬಾಗಿಲಿರಲಿಲ್ಲ. ಕೈ ಗಾಳಿಯಲ್ಲೇ ಒಂದು ಕ್ಷಣ ನಿಂತಿತ್ತು. ಇಷ್ಟು ದಿನ ಆ ಗಾಡಿಯ ಮೇಲೆ, ಗಾಡಿಯ ಒಡೆಯನ ಮೇಲೆ ಕಾರಿದ ಸಿಟ್ಟೆಲ್ಲ ಪ್ರಭಾಗೆ ಆಗ ಆ ಕೈಯ ಮೇಲೆ ಬಂತು. ಅದನ್ನು ಎಳೆದು ಕೆಳಗಿಳಿಸಿದವಳೂ ಅವಳೇ.

ಸದರ್‌ನ ಸಭೆಗೆ ಅವರಿಬ್ಬರೂ ಹೋಗಲಿಲ್ಲ.

ಆಮೇಲೆ ಎಳೆಸಿಕೊಂಡು ಬಂದ ಗಾಡಿ ಮನೆಯಂಗಳದಲ್ಲಿ, ಬಾಗಿಲಿಗೂ ಗೇಟಿಗೂ ನಡುವೆ ಬೇರು ಬಿಟ್ಟಿತು. ಗುಜರಿಯವನೊಬ್ಬ ಕೇಳಿ ಹೋದ. ಸಾಹೇಬರ ಗಾಡಿಯನ್ನು ಗುಜರಿಗೆ ಹಾಕುವುದಾ ಅಂತ ವಿಜಯೇಂದ್ರ ಕೊಡಲಿಲ್ಲ. ಸಂಜೆಯಾದರೆ ಅದರೊಳಗೆ ಹೋಗಿ ಕೂರುತ್ತಿದ್ದ, ಡ್ರೈವರ್ ಸೀಟಿನಲ್ಲಿ. ಹಿಂದಿನ ಸೀಟಿನಲ್ಲಾದರೂ ಕೂತುಕೊಳ್ಳಿ, ಕಾಲು ಚಾಚಬಹುದು ಅಂತ ಪ್ರಭಾ ಒಮ್ಮೆ ಅಂದಿದ್ದಳು. ಅದು ಸಾಹೇಬರ ಜಾಗ ಎಂದಿದ್ದ. ಒಂದು ಸಂಜೆ ಚಹಾ ತಣ್ಣಗಾದರೂ ಅವನು ಇಳಿದು ಬರಲಿಲ್ಲ. ಹೃದಯ ನಿಂತುಹೋಗಿತ್ತು.

ಬೆಳಗ್ಗೆ ಶವವಾಹನ ಬಂದು ಗಲ್ಲಿಯಲ್ಲಿ ನಿಂತಿತು. ಚಟ್ಟ ಹೊರಗೆ ತರಲು ದಾರಿಯಿಲ್ಲ; ಅಂಗಳದ ತುಂಬ ಗಾಡಿ. ವಾನಖೇಡೆ ಗಾಡಿಯೊಳಗೆ ಬಗ್ಗಿದ. ಸೀಟಿನ ಪಕ್ಕದ ಮುಚ್ಚಳ ತೆಗೆದು ಕೊಂಡಿ ಒತ್ತಿದ. ಗಲ್ಲಿಯ ಗಂಡಸರೆಲ್ಲ ಸೇರಿ ಗಾಡಿಯನ್ನು ಇನ್ನೊಂದು ಸಲ ತಳ್ಳಿ, ರಸ್ತೆಯ ಬದಿಗೆ ಹಚ್ಚಿ, ಕೈ ಒರೆಸಿಕೊಂಡು ಬಂದು ಚಟ್ಟಕ್ಕೆ ಹೆಗಲು ಕೊಟ್ಟರು.

ಚಟ್ಟ ವಾಹನದ ಹತ್ತಿರ ಬಂದಾಗ ಪ್ರಭಾ ತಡೆದಳು. ಡ್ರೈವರನ ಹತ್ತಿರ ಹೋಗಿ ಮರಾಠಿಯಲ್ಲಿ ಕೇಳಿದಳು: ಗಾಡಿ ಎಷ್ಟು ಹಳೆಯದು? ದಾರಿಯಲ್ಲಿ ನಿಲ್ಲುವುದಿಲ್ಲವಷ್ಟೇ? ಯಾವಾಗ ಸರ್ವಿಸ್ ಮಾಡಿಸಿದ್ದೀಯ? ಗಾಡಿ ಚಲೋ ಇದೆ ಮಾವಶಿ, ಚಿಂತೆ ಬೇಡ ಎಂದ ಅವನು. ಬಾಯಿಮಾತು ಅವಳಿಗೆ ಸಾಲಲಿಲ್ಲ. ಚಾಲೂ ಮಾಡಿ ತೋರಿಸು ಎಂದಳು. ಅವನು ಮಾಡಿದ. ಹೆಗಲ ಮೇಲೆ ಹೆಣ ಹೊತ್ತವರೆಲ್ಲ ಕಾದು ನಿಂತರು. ಅವಳು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಎಂಜಿನ್ನಿನ ಸದ್ದನ್ನು ಮನಸ್ಸಿಗೆ ತೃಪ್ತಿಯಾಗುವ ತನಕ ಕೇಳಿಸಿಕೊಂಡಳು.

“ಹ್ಞೂಂ. ಏರಿಸಿ,” ಎಂದಳು.

ವಿಜಯೇಂದ್ರನನ್ನು ಹಿಂದೆ ಮಲಗಿಸಿದರು. ವಾಹನ ಗಲ್ಲಿಯ ತಿರುವು ದಾಟಿ ಹೋಯಿತು, ಯಾರೂ ತಳ್ಳದೆ.